ಟಿಕ್ ಹಾಕಿದ ವಾಕ್ಯ

2025 ಮಾರ್ಚ್ 11, ಮಂಗಳವಾರ, ಸಂಜೆ 5:20. ಅಮೆರಿಕದ ಡುಲೂತ್ ನಗರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ವೃದ್ಧೆಯರು ಕುಳಿತಿದ್ದರು, ಇನೆಜ್ ಮತ್ತು ಲೋರ್ನಾ. ಹಿಂದೆ ಒಂದೇ ಪತ್ರಿಕೆಯಲ್ಲಿ ವರದಿಗಳ ನಿಜಾಂಶ ಪರಿಶೀಲಿಸುತ್ತಿದ್ದವರೆಂದು ಮಾತಿನಿಂದ ತಿಳಿಯಿತು. ಇನೆಜ್ ಶುರುಮಾಡಿದರು.

"ನೆನಪಿದೆಯಾ, ಸರಿ ಇದೆ ಅಂತ ನೋಡಿ ಒಂದೊಂದು ಪದದ ಮೇಲೂ ಪೆನ್ಸಿಲ್‌ನಲ್ಲಿ ಟಿಕ್ ಹಾಕ್ತಿದ್ವಿ?"

"ನಿನ್ನ ಪೆನ್ಸಿಲ್ ಕಾಗದಾನೇ ಹರೀತಿತ್ತು ಕಣೇ."

"'ಶಾಲೆ ಮುಚ್ಚಿ ಬೇರೆ ಶಾಲೆಗೆ ಸೇರಿಸಿದ ಮೇಲೆ ಮಕ್ಕಳ ಸರಾಸರಿ ಅಂಕ ಏರಿತು.' ಅದಕ್ಕೂ ನಾನೇ ಟಿಕ್ ಹಾಕಿದ್ದು, ಲೋರ್ನಾ. ಇನ್ನೊಂದು ಶಾಲೆ ಮುಚ್ಚೋಕೆ ಇವತ್ತಿನ ಶಾಲಾ ಮಂಡಳಿ ಸಭೇಲಿ ಅದನ್ನೇ ಓದ್ತಾರಂತೆ."

"ಪದ ಎಲ್ಲಾ ಸರಿಯಾಗೇ ಇತ್ತಲ್ಲ."

"ಇತ್ತು. ಮೊನ್ನೆ ಆ ವರದೀನ ಎಐಗೆ ಕೊಟ್ಟೆ. ಸರಿ, ತಪ್ಪು ಅಂತ ಹೇಳಿ ಸುಮ್ಮನಾಗ್ಲಿಲ್ಲ. ಮುಚ್ಚೋ ಮೊದಲೂ ಆಮೇಲೂ ಲೆಕ್ಕ ಹಿಡಿದಿದ್ದು ಅದೇ ಮಕ್ಕಳನ್ನಾ ಅಂತ ಕೇಳ್ತು."

"ನಾವು ಅದನ್ನ ಕೇಳಲೇ ಇಲ್ಲ."

"ಹಳೇ ಚಾಳಿ, ಊಹೆ ಮಾಡದೆ ನಾನೇ ಶಾಲಾ ಕಚೇರಿಗೆ ಫೋನ್ ಮಾಡಿ ಕೇಳ್ದೆ. ಓದಿನಲ್ಲಿ ಹಿಂದಿದ್ದ ಮಕ್ಕಳೇ ಬೇರೆ ಊರಿಗೆ ಹೋಗಿದ್ರು, ಉಳಿದವರ ಸರಾಸರಿ ತಾನಾಗೇ ಏರಿತ್ತು."

"ತಪ್ಪು ನಿಂದೇ ಅಂತ ಸಭೇಲಿ ಹೇಳ್ತೀಯಾ?"

"ಹೇಳ್ತೀನಿ. ನೀನು ಪಕ್ಕದಲ್ಲಿ ಕೂತ್ಕೋ, ಆಗಿನ ಹಾಗೆ."

ಬಸ್ಸು ಬಂತು. ಹೋದ ಮಕ್ಕಳೆಷ್ಟು ಎಂದು ಹತ್ತುವಾಗ ಲೋರ್ನಾ ಕೇಳಿದರು.

"ನೂರ ಹನ್ನೆರಡರಲ್ಲಿ ನಲವತ್ತೊಂದು."