ಬಾಣದ ಗುರುತು ಕೊರೆದವರು ಯಾರು?

ನಡುವಿನ ಕುರ್ಚಿಯಲ್ಲಿ ಕುಳಿತಿರುವ ಗ್ರಂಥಾಲಯದ ಅಧ್ಯಕ್ಷರೇ, ಈ ನಿಧಿ ಹುಡುಕಾಟವನ್ನು ಹೂಡಿ ಊರನ್ನೆಲ್ಲ ಬಿಸಿಲಲ್ಲಿ ಅಲೆಸಿದ ಇತಿಹಾಸದ ಮೇಷ್ಟ್ರೇ, ಮೊದಲ ಸಾಲಿನ ಇಂಜಿನಿಯರ್ ಸಾಹೇಬರೇ, ಅಲೆದೂ ಅಲೆದೂ ಕಾಲು ನೋಯಿಸಿಕೊಂಡ ಸಭಿಕರೇ, ಮತ್ತೆ ಮೂರನೆಯ ಸಾಲಿನಲ್ಲಿ... ಅಣ್ಣನವರೇ, ಅತ್ತಿಗೆಯವರೇ,

ಇವರಿಬ್ಬರೂ ಬರುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ಬರೆದು ತಂದ ಭಾಷಣದ ಎರಡನೆಯ ಹಾಳೆ ಈಗ ತಾನೇ ಇಲ್ಲಿತ್ತು, ಕಾಣುತ್ತಿಲ್ಲ. ಇರಲಿ. ಮೂವತ್ತೊಂದು ವರ್ಷ ಈ ಊರಿಗೆ ನೀರು ಬಿಟ್ಟ ನೀರುಗಂಟಿ ನಾನು. ನನ್ನ ಬಾಯಿ ಹೀಗೆ ಒಣಗಬಾರದು.

ಮೊದಲಿಗೆ ಒಂದು ಪ್ರಶ್ನೆ. ಈ ಬಹುಮಾನ ನನಗೇಕೆ? ನಿಮಗೆಲ್ಲ ಅರ್ಥವಾದಂತಿದೆ, ಚಪ್ಪಾಳೆ ತಟ್ಟಿದಿರಿ. ನನಗೆ ಆಗಿಲ್ಲ. ಆಟವೇನೋ ಸುಲಭ. ಮೊಬೈಲು ಜಾಗ ತೋರಿಸುತ್ತದೆ, ಹೋಗಿ ಅಡಗಿಸಿಟ್ಟ ಡಬ್ಬಿ ಹುಡುಕಬೇಕು. ಒಳಗೆ ಆ ಜಾಗದ ಇತಿಹಾಸದ ಒಂದು ಚೀಟಿ, ಒಂದು ಪ್ರಶ್ನೆ, ಒಂದು ಪುಸ್ತಕ. ಪುಸ್ತಕದಲ್ಲಿ ಹೆಸರು, ಉತ್ತರ ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಮೊಬೈಲು ಹಿಡಿದವಳು ನನ್ನ ಸೊಸೆ. "ಮಾವ, ಎಡಕ್ಕೆ ಹತ್ತು ಹೆಜ್ಜೆ, ನಿಧಾನಕ್ಕೆ" ಎನ್ನುತ್ತಿದ್ದಳು. ಎಡಕ್ಕೆ ಹತ್ತು ಹೆಜ್ಜೆ ಹೋದರೆ ಏನಿದೆಯೆಂದು ನನಗೆ ಮೊದಲೇ ಗೊತ್ತಿರುತ್ತಿತ್ತು. ಈ ಊರಿನ ನೆಲದಡಿಯ ಕೊಳವೆಗಳಿಗೆ ನಕಾಶೆ ಇರಲಿಲ್ಲ ಸ್ವಾಮಿ. ನೀರುಗಂಟಿಯ ತಲೆಯೇ ನಕಾಶೆ. ಹಾಗಾಗಿ ಐದು ಡಬ್ಬಿ ಸಲೀಸಾಗಿ ಸಿಕ್ಕವು.

ಆರನೆಯದು ಏರುಬೀದಿಯಲ್ಲಿತ್ತು. ನನ್ನ ಅಣ್ಣನ ಬೀದಿ. ಅಲ್ಲಿ ಹಳೆಯ ಗೋದಾಮಿನ ಕಲ್ಲುಗೋಡೆಯ ಮೇಲೆ ಒಂದು ಗುರುತಿದೆ, ನೀವೆಲ್ಲ ಫೋಟೋ ತೆಗೆದುಕೊಂಡಿದ್ದೀರಿ. ಕೆಳಮುಖದ ಬಾಣ, ಒಂದು ಸೊನ್ನೆ, ಮೂರು ಗೆರೆ. ಇನ್ನೂರು ವರ್ಷದ ಹಿಂದಿನ ಕಲ್ಲುಕುಟಿಗರ ಸಂಕೇತವಿರಬಹುದು ಎಂದು ಮೇಷ್ಟ್ರು ಚೀಟಿಯಲ್ಲಿ ಬರೆದಿದ್ದರು. ಕೆಳಗೆ ಪ್ರಶ್ನೆ: "ಈ ಗುರುತು ಕೊರೆದವರು ಯಾರು? ಯೋಚಿಸಿ ಬರೆಯಿರಿ."

ನಾನು ಯೋಚಿಸಲಿಲ್ಲ. "ನಾನೇ" ಎಂದು ಬರೆದೆ.

ಈಗ ಮೇಷ್ಟ್ರು ಅದನ್ನೇ ಓದಿ, ಎಂಥ ಆಳವಾದ ಉತ್ತರ, ಇತಿಹಾಸವನ್ನು ಕೊರೆಯುವವರು ನಾವು ನೀವೇ ಅಲ್ಲವೇ, ಎಂದು ಕಣ್ಣೊರೆಸಿಕೊಂಡರು. ಮೇಷ್ಟ್ರೇ, ಕ್ಷಮಿಸಿ. ಆಳವೇನೂ ಇಲ್ಲ, ಮೂರೇ ಅಡಿ. ಇಪ್ಪತ್ತೆಂಟು ವರ್ಷದ ಹಿಂದೆ ಉಳಿ, ಸುತ್ತಿಗೆ ಹಿಡಿದು ಕೊರೆದವನು ನಾನೇ. ಸೊನ್ನೆ ಎಂದರೆ ವಾಲ್ವು. ಬಾಣದ ನೇರಕ್ಕೆ ರಸ್ತೆಯಲ್ಲಿ, ಮೂರು ಗೆರೆ ಎಂದರೆ ನೆಲದಡಿ ಮೂರು ಅಡಿ, ಅಂತ.

ನಗಬೇಡಿ. ನಗಿ, ಪರವಾಗಿಲ್ಲ. ಎಲ್ಲಿದ್ದೆ ನಾನು? ಹಾಂ, ವಾಲ್ವು. ಅಲ್ಲಿ ವಾಲ್ವೇ ಇಲ್ಲವಲ್ಲ ಎಂದು ಇಂಜಿನಿಯರ್ ಸಾಹೇಬರು ಹುಬ್ಬೇರಿಸುತ್ತಿದ್ದಾರೆ. ಅದರ ಮೇಲೆ ಡಾಂಬರು ಹಾಕಿದ್ದಾರೆ ಸಾರ್. ಅದು ಏರುಬೀದಿಯೊಂದರದೇ ವಾಲ್ವು, ಒಟ್ಟು ಒಂಬತ್ತು ಸುತ್ತು. ಈಗ ಅದರಲ್ಲಿ ಆರು ಸುತ್ತು ಮುಚ್ಚಿದೆ.

ಇದನ್ನು ಹೇಳಬೇಕೆಂದು ನಾನು ಇಲ್ಲಿ ನಿಂತವನಲ್ಲ. ನನ್ನ ಹಾಳೆಯಲ್ಲಿ ಇದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎನ್ನಲೇ ಇಲ್ಲ, ಬಹುಮಾನ ಕೊಟ್ಟರು, ಆದರೂ ನನ್ನ ಕೈ ಹೆಗಲಿಗೇ ಹೋಗುತ್ತಿದೆ.

ಇಪ್ಪತ್ತೊಂದು ವರ್ಷದ ಹಿಂದೆ, ಅಣ್ಣನ ಮಗಳ ಮದುವೆ ಮಾತುಕತೆಯಲ್ಲಿ ಬೀಗರು ನನ್ನ ಕೆಲಸ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ನಕ್ಕು, "ಅಯ್ಯೋ, ಇವನದೇನು ಮಹಾ ಕೆಲ್ಸ. ತಿರುಗಿಸೋದು, ಮನೆಗೆ ಬರೋದು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುದಿನ ಬೆಳಗ್ಗೆ ಹೋಗಿ ತಿರುಗಿಸಿದೆ. ಬಲಕ್ಕೆ, ಆರು ಸುತ್ತು. ಒಂದೇ ವಾರ ಎಂದುಕೊಂಡಿದ್ದೆ, ದೇವರಾಣೆ. ಆ ವಾರವೇ ಟೈಫಾಯ್ಡ್ ಬಂದು ಮಲಗಿದೆ. ತಿಂಗಳು ಕಳೆದು ಎದ್ದು ಹೋದರೆ ಬೀದಿಗೆ ಹೊಸ ಡಾಂಬರು, ಕನ್ನಡಿಯ ಹಾಗೆ.

ರಸ್ತೆ ಅಗೆಯಲು ಅರ್ಜಿ ತಂದೆ. ಅರ್ಜಿಯಲ್ಲಿ "ಕಾರಣ" ಎಂದೊಂದು ಜಾಗವಿತ್ತು. ಅಲ್ಲಿ ಏನೆಂದು ಬರೆಯಲಿ? ಇಂದು ಬರೆದರಾಯಿತು, ನಾಳೆ ಬರೆದರಾಯಿತು. ಅಷ್ಟರಲ್ಲಿ ಊರಿನವರೇ ಕಾರಣ ಹುಡುಕಿಬಿಟ್ಟರು. ಬೀದಿ ಎತ್ತರದಲ್ಲಿದೆ, ಅದಕ್ಕೇ ನೀರು ಏರುವುದಿಲ್ಲ ಅಂದರು. ಅದಕ್ಕೆ ಮೊದಲು ಅದರ ಹೆಸರು ಏರುಬೀದಿಯಾಗಿರಲೂ ಇಲ್ಲ! ಮೇಷ್ಟ್ರೇ, ಇದನ್ನು ಇತಿಹಾಸ ಎನ್ನುತ್ತಾರೋ, ಸುಳ್ಳು ಎನ್ನುತ್ತಾರೋ? ನನಗೆ ನಿಜಕ್ಕೂ ತಿಳಿಯುತ್ತಿಲ್ಲ.

ಅತ್ತಿಗೆ ಎರಡು ಬಕೆಟ್ ಹಿಡಿದು ಕೆಳಗಿನ ಬೀದಿಯ ನಲ್ಲಿಗೆ ಹೋಗಿಬರುವುದನ್ನು ಇಪ್ಪತ್ತೊಂದು ವರ್ಷ ನೋಡಿದ್ದೇನೆ. ಒಮ್ಮೆ ನಾನೇ ಒಂದು ಬಕೆಟ್ ಹೊತ್ತೆ. "ಪಾಪ, ನಿನ್ನ ಕೈಲಿ ಏನಿದೆ, ನೀರು ಹತ್ತದಿದ್ರೆ ನೀನೇನ್ ಮಾಡ್ತೀಯ" ಎಂದು ನನಗೇ ಸಮಾಧಾನ ಹೇಳಿದರು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ. ನಾನು ಊರಿಕೊಂಡು ಬಂದ ಈ ಕಬ್ಬಿಣದ ಕೋಲನ್ನು ಕಂಡು ಅಧ್ಯಕ್ಷರು ಮಂಡಿನೋವೇ ಎಂದು ಕೇಳಿದರು. ಮಂಡಿ ಚೆನ್ನಾಗಿದೆ. ಇದು ವಾಲ್ವಿನ ಕೀಲಿ. ನಿವೃತ್ತಿಯ ದಿನ ವಾಪಸು ಕೊಡಲಿಲ್ಲ. ಇವತ್ತು ಏಕೆ ತಂದೆ? ಬೆಳಗ್ಗೆಯಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ, ಈಗ ತಿಳಿಯಿತು.

ಇಂಜಿನಿಯರ್ ಸಾಹೇಬರೇ, ಬಾಣದ ಕೆಳಗೆ ಮೂರು ಅಡಿ ರಸ್ತೆ ಅಗೆಯಲು ಅಪ್ಪಣೆ ಕೊಡಿ. ಅರ್ಜಿ ಇಲ್ಲೇ ಜೇಬಿನಲ್ಲಿದೆ, ಹಳೆಯದೇ. ಕಾರಣದ ಜಾಗದಲ್ಲಿ ಏನು ಬರೆಯಬೇಕೆಂದು ಈಗ ಗೊತ್ತು: "ನಾನೇ".

ಬಹುಮಾನದ ಈ ಫಲಕ ಮೇಜಿನ ಮೇಲೇ ಇರಲಿ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಋಣಿ. ಅಣ್ಣಾ, ಎದ್ದು ಹೋಗಬೇಡ, ಒಂದು ನಿಮಿಷ ಕೂತ್ಕೋ. ನೀನು ಹೇಳಿದ್ದು ಸರಿ, ತಿರುಗಿಸೋದು ಅಷ್ಟೇ ನನ್ನ ಕೆಲ್ಸ. ಎಡಕ್ಕೆ ಆರು ಸುತ್ತು ಬಾಕಿ ಇದೆ. ಅತ್ತಿಗೆ, ನಲ್ಲಿ ಕೆಳಗೆ ದೊಡ್ಡ ಪಾತ್ರೆ ಇಡಿ. ನಮಸ್ಕಾರ.