ಆರಿನ್ ಕೀಲರ್ ಬೀದಿಗೆ ಕಸದ ಗಾಡಿ ಬಂದ ದಿನ

(ಶಿಕಾಗೋ, 1896. ಮುದ್ರಣ ಕೆಲಸಗಾರರ ಸಂಘದ ಸಭಾಂಗಣ. ಆರಿನ್ ಕೀಲರ್ ಶ್ರದ್ಧಾಂಜಲಿ ಸಭೆ)

ಹೆಸ್ಟರ್ ತಾಯಿ, ಮಗಳೇ ಲೆಟ್ಟಿ, ಸಂಘದ ಅಣ್ಣತಮ್ಮಂದಿರೆ, ನಮ್ಮ ವಾರ್ಡಿನ ನೆರೆಹೊರೆಯವರೆ — ಎಲ್ಲರಿಗೂ ನಮಸ್ಕಾರ. ಬಾಗಿಲಲ್ಲಿ ನಿಂತವರು ದಯವಿಟ್ಟು ಒಳಗೆ ಬನ್ನಿ.

ನಾನು ಔಗುಸ್ಟ್ ಡಿಟ್ಮಾರ್, ನಿಮ್ಮ ಗಸ್. ಆರಿನ್ ಕೀಲರ್ ಎದುರು ಒಂದೇ ಮೇಜಿನ ಬಳಿ ನಿಂತು ವರ್ಷಗಟ್ಟಲೆ ಅಕ್ಷರದ ಅಚ್ಚುಮೊಳೆ ಜೋಡಿಸಿದವನು. ಭಾಷಣ ನನಗೆ ಬರುವುದಿಲ್ಲ. ಬೀದಿ ಮೂಲೆಯಲ್ಲಿ ಭಾಷಣ ಮಾಡುತ್ತಿದ್ದವನು ಅವನು, ಪಕ್ಕದಲ್ಲಿ ಲಾಟೀನು ಹಿಡಿದು ನಿಲ್ಲುತ್ತಿದ್ದವನು ನಾನು. ಇವತ್ತು ನನ್ನನ್ನೇ ಮಾತಾಡು ಅಂದಿದ್ದೀರಿ — ಏನು ಮಾಡಲಿ, ಬೇರೆ ದಾರಿ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ. ಆರಿನ್ ಹೆಂಡತಿ ಹೆಸ್ಟರ್ ನನಗೊಂದು ಕೆಲಸ ಒಪ್ಪಿಸಿದ್ದಾರೆ. ನಮ್ಮ ವಾರ್ಡಿನ ಕೌನ್ಸಿಲರ್ ಮ್ಯಾಲಕಿ ಟಿಯರ್ನಿಯವರಿಗೆ ಈ ವೇದಿಕೆಯಿಂದ ನಾನು ಧನ್ಯವಾದ ಹೇಳಬೇಕು. ಅವರು ಬರುತ್ತಾರೆ, ಇನ್ನೂ ಬಂದಿಲ್ಲ. ಆರಿನ್ ಮಗಳು ಲೆಟ್ಟಿಗೆ ಟೆಲಿಫೋನ್ ಕಚೇರಿಯಲ್ಲಿ ಕೆಲಸ ಕೊಡಿಸುತ್ತೇನೆ ಅಂದಿದ್ದಾರೆ. ಅದನ್ನು ಹೇಳಲು ಮನೆಗೇ ಬಂದಿದ್ದರಂತೆ. ಅಡುಗೆಮನೆಯಲ್ಲಿ ಕೂತು, ಟೋಪಿ ತೆಗೆದು ಮಂಡಿ ಮೇಲಿಟ್ಟುಕೊಂಡು, "ಸಭೇಲಿ ಆ ಗಸ್ ಬಾಯಿಂದ ನನ್ನ ಬಗ್ಗೆ ಎರಡು ಒಳ್ಳೆ ಮಾತು ಬರ್ಲಿ ತಾಯಿ, ಅಷ್ಟೇ. ಹಳೇ ಜಗಳ ಎಲ್ಲ ಮಣ್ಣಿಗೆ ಹೋಗ್ಲಿ," ಅಂದರಂತೆ.

ಸರಿ. ಅವರು ಬರುವವರೆಗೆ ನಾನು ಆರಿನ್ ವಿಷಯ ಮಾತಾಡುತ್ತೇನೆ. ಇದನ್ನು ಅವರ ಕಿವಿಗೆ ಹಾಕುವವರು ಇಲ್ಲೇ ಇದ್ದೀರಿ, ಗೊತ್ತು ನನಗೆ. ಹಾಕಿ. ಆದರೆ ಹೇಳಿದವನು ಗಸ್ ಅಂತ ಹೇಳಿ, ಹೆಸ್ಟರ್ ಹೇಳಿಸಿದ್ದು ಅನ್ನಬೇಡಿ.

ನಮ್ಮ ಬೀದಿಯ ಕಸದ ಪೆಟ್ಟಿಗೆಗಳು ಸದಾ ತುಂಬಿ ಚೆಲ್ಲುವುದು ನಿಮಗೆ ಗೊತ್ತು. ಕಸ ಎತ್ತುವ ಗುತ್ತಿಗೆ ಯಾರದ್ದು ಅಂತಲೂ ಗೊತ್ತು — ಟಿಯರ್ನಿಯವರ ಭಾವಮೈದುನನದು. ಆ ಕಸದ ಗಾಡಿ ಎಲ್ಲಿ ಮಾಯವಾಗುತ್ತದೆ ನೋಡಿಯೇಬಿಡುತ್ತೇನೆ ಅಂತ ಆರಿನ್ ಒಂದು ಬೆಳಿಗ್ಗೆ ಅದರ ಹಿಂದೆ ನಡೆದುಕೊಂಡು ಹೊರಟ. ಗಾಡಿಯವನು ತಿರುಗಿ ನೋಡಿ, "ಏನ್ ಕೀಲರ್, ಹೆಂಡ್ತಿ ಮನೆಯಿಂದ ಆಚೆ ಹಾಕಿದ್ಲಾ? ಹತ್ತು ಬಾ, ಜಾಗ ಇದೆ!" ಅಂದ. ಹತ್ತಿಯೇಬಿಟ್ಟ, ಪುಣ್ಯಾತ್ಮ! ಎರಡು ಬೀದಿ ಆದಮೇಲೆ ಗಾಡಿ ಹೆಂಡದಂಗಡಿ ಮುಂದೆ ನಿಂತಿತು, ಆಮೇಲೆ ಮಿಕ್ಕ ಪೆಟ್ಟಿಗೆ ಎತ್ತದೆಯೇ ಕುದುರೆ ಲಾಯಕ್ಕೆ ಹೋಯಿತು. ಆರಿನ್ ಅದೇ ಕೋಟಿನಲ್ಲಿ ಅಚ್ಚುಕೂಟಕ್ಕೆ ಬಂದ. ನಾವೆಲ್ಲ ಮೂಗು ಮುಚ್ಚಿಕೊಂಡು ಬೈದೆವು. ಅವನು ನಗುತ್ತಾ ನಿಂತು ನಗರಸಭೆಗೆ ಕೊಡುವ ದೂರಿಗೆ ಅಚ್ಚುಮೊಳೆ ಜೋಡಿಸಿದ. ನಗರಸಭೆ ಏನು ಉತ್ತರ ಕೊಟ್ಟಿತು? "ಪರಿಶೀಲಿಸಲಾಗುವುದು."

ಆಮೇಲೆ ಟಿಯರ್ನಿಯವರ ಎದುರು ಚುನಾವಣೆಗೆ ನಿಂತ. ಮನೆ ಮನೆ ಮೆಟ್ಟಿಲು ಹತ್ತಿದೆವು. ಅಸುಂತಾ ಅಜ್ಜಿ — ಅಲ್ಲಿ ಕೂತಿದ್ದೀರಿ, ತಲೆ ತಗ್ಗಿಸಬೇಡಿ ಅಜ್ಜಿ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ — ನಮಗೆ ಕಾಫಿ ಕೊಟ್ಟು ಕೂರಿಸಿದರು. "ನೀನು ಒಳ್ಳೆಯವನು ಮಗಾ. ಆದ್ರೆ ನನ್ನ ಗಂಡ ಸತ್ತಾಗ ಸ್ಮಶಾನಕ್ಕೆ ಹೋಗೋಕೆ ಸಾರೋಟು ಕಳಿಸಿದ್ದು ಟಿಯರ್ನಿ. ನೀನೇನು ಕಳಿಸ್ದೆ?" ಅಂದರು.

"ನಾನು ನಗರಸಭೆಗೆ ಅರ್ಜಿ ಕಳಿಸಿದ್ದೆ ಅಜ್ಜಿ," ಅಂದ ಆರಿನ್.

"ಅರ್ಜಿ ಮೇಲೆ ಕೂತ್ಕೊಂಡು ಹೋಗಕ್ಕಾಗುತ್ತೇನಪ್ಪಾ?"

ನಗಿ, ನಗಿ, ಅವನೂ ನಕ್ಕಿದ್ದ. ಕೆಳಗಿಳಿದ ಮೇಲೆ ಮಾತ್ರ ನನ್ನ ತೋಳು ಹಿಡಿದು, "ಆಕೆ ಕೇಳಿದ್ದು ಸರಿಯಾಗೇ ಇದೆಯಲ್ಲೋ ಗಸ್. ನಮ್ಮ ಕೈಲಿ ಏನಿದೆ ಕೊಡೋಕೆ?" ಅಂದ. ನಾನು ಲಾಟೀನು ಎತ್ತಿಕೊಂಡು ಮುಂದಿನ ಮನೆಯ ಮೆಟ್ಟಿಲು ಹತ್ತಿದೆ. ಚುನಾವಣೆಯಲ್ಲಿ ಆರಿನ್ ಸೋತ. ಹೀನಾಯವಾಗಿ ಸೋತ.

ಈ ಬೇಸಿಗೆಯಲ್ಲಿ ಬೀದಿಗೆ ಟೈಫಾಯಿಡ್ ಬಂತು. ಆರಿನ್ ಜ್ವರ ಹಿಡಿದು ಮಲಗಿದ್ದ ಕೋಣೆಯ ಕಿಟಕಿ ಕೆಳಗೇ ಪೆಟ್ಟಿಗೆ ತುಂಬಿ ಚೆಲ್ಲುತ್ತಿತ್ತು. ಕಿಟಕಿ ತೆಗೆದರೆ ನಾತ, ಮುಚ್ಚಿದರೆ ಧಗೆ. ನಾನು ಸಲಿಕೆ ತಗೊಂಡು ಹೋದೆ — ತುಂಬಿದ ಕಸವನ್ನು ಎಲ್ಲಿಗೆ ಒಯ್ಯಲಿ ಹೇಳಿ? ಬೀದಿಯ ಆ ಕಡೆಯ ಮನೆ ಮುಂದೆ ಸುರಿದೆ. ಆ ಮನೆಯಲ್ಲೂ ಜ್ವರ ಇತ್ತು.

ಆರಿನ್ ಸತ್ತ. ಹೆಣ ಎತ್ತುವ ದಿನ ಬೆಳಿಗ್ಗೆ ನಾನು ಬೀದಿಗೆ ತಿರುಗಿದರೆ — ಅಯ್ಯೋ, ಏನು ಹೇಳಲಿ — ಬೀದಿ ಥಳಥಳ ಅನ್ನುತ್ತಿತ್ತು. ಗಾಡಿ ಬಂದಿತ್ತು. ಪೆಟ್ಟಿಗೆಗಳೆಲ್ಲ ಖಾಲಿ, ಕಲ್ಲಿನ ಮೇಲೆ ನೀರು ಹೊಡೆದಿದ್ದರು. ಟಿಯರ್ನಿಯವರ ಸಾರೋಟುಗಳು ಮನೆ ಬಾಗಿಲವರೆಗೆ ಬರಬೇಕಿತ್ತಲ್ಲ, ಅದಕ್ಕೆ. ನೆರೆಯವರು ಬಾಗಿಲಲ್ಲಿ ನಿಂತು, "ದೊಡ್ಡ ಮನಸ್ಸು ಕಣ್ರೀ ಟಿಯರ್ನಿದು, ಎದುರಾಳಿಗೂ ಇಷ್ಟು ಮಾಡಿದ್ರಲ್ಲ," ಅನ್ನುತ್ತಿದ್ದರು. ಇದನ್ನೇ ಎಷ್ಟು ವರ್ಷ ಕೇಳಿದ್ದ ಆರಿನ್! ಒಂದೇ ಒಂದು ಬೆಳಿಗ್ಗೆ ಅಂಥ ಬೀದಿಯಲ್ಲಿ ಅವನು ನಡೆಯಲಿಲ್ಲ.

ನನಗೆ ತಡೆಯಲಾಗಲಿಲ್ಲ. ನೇರ ಹೆಸ್ಟರ್ ಹತ್ತಿರ ಹೋಗಿ, "ಆ ಸಾರೋಟು ವಾಪಸ್ ಕಳಿಸಮ್ಮ. ಆರಿನ್ ಇದ್ದಿದ್ರೆ ಏನಂತಿದ್ದ?" ಅಂತ ಕೂಗಾಡಿದೆ.

"ಆರಿನ್ ಇದ್ದಿದ್ರೆ ನಾನು ಅವನನ್ನೇ ಕೇಳ್ತಿದ್ದೆ ಗಸ್ ಅಣ್ಣ," ಅಂದರು ಹೆಸ್ಟರ್. "ಇಲ್ವಲ್ಲ. ಮಕ್ಕಳಿಗೆ ಊಟ ನೀವು ಹಾಕ್ತೀರಾ?"

ನನಗೂ ಮನೆ ತುಂಬ ಮಕ್ಕಳು. ಟೋಪಿ ಕೈಯಲ್ಲಿ ಹಿಡಿದುಕೊಂಡು ಹೋಗಿ ಆ ಸಾರೋಟಿನಲ್ಲೇ ಕೂತೆ. ಮೆತ್ತಗಿತ್ತು.

ನಾನು ಕೇಳುವುದು ಇಷ್ಟೇ, ನೆರೆಹೊರೆಯವರೆ — ನಾಳೆ ಪೆಟ್ಟಿಗೆಗಳು ಮತ್ತೆ ತುಂಬುತ್ತವೆ. ಆಗ ನಾವು —

ಯಾರದು? ಬಾಗಿಲು... ಹಾಂ. ದಾರಿ ಬಿಡಿ, ದಾರಿ ಬಿಡಿ. ಬನ್ನಿ, ಕೌನ್ಸಿಲರ್ ಸಾಹೇಬರೆ. ಬನ್ನಿ, ಮುಂದೆ ಬನ್ನಿ.

ನಾನು... ಈಗ ಅದೇ ಮಾತಿಗೆ ಬರುತ್ತಿದ್ದೆ. ಮಾನ್ಯ ಟಿಯರ್ನಿಯವರೆ, ಕೀಲರ್ ಕುಟುಂಬದ ಪರವಾಗಿ — ಸಾರೋಟುಗಳಿಗೆ, ಹೂವಿಗೆ, ಬೀದಿ ಸ್ವಚ್ಛ ಮಾಡಿಸಿದ್ದಕ್ಕೆ, ಈ ಮಗುವಿನ ಕೆಲಸಕ್ಕೆ — ತಮಗೆ ಹೃತ್ಪೂರ್ವಕ ಧನ್ಯವಾದಗಳು. ತಮ್ಮ ಉಪಕಾರವನ್ನು ಮರೆಯುವುದಿಲ್ಲ.

ಹೇಳಿದೆ, ಹೆಸ್ಟರ್. ಹೇಳಿಬಿಟ್ಟೆ ತಾಯಿ.

ಇಲ್ಲ — ಕೂರಬೇಡಿ. ಯಾರೂ ಕೂರಬೇಡಿ. ಸಾಹೇಬರು ಬಂದರು ಅಂತ ಹೇಗೂ ಎಲ್ಲರೂ ಎದ್ದಿದ್ದೀರಿ. ಹಾಗೇ ನಿಂತಿರಿ. ಮಾತು ಬೇಡ. ಒಂದು ನಿಮಿಷ — ಈ ನಿಂತದ್ದು ಆರಿನ್ ಕೀಲರ್‌ಗೆ ಅಂತ ಆಗಲಿ.