ದಿಡ್ಡಿ ಬಾಗ್ಲಲ್ಲಿ ನಾನ್ ಓಗ್ನಿಲ್ಲ

ಅದಲ್ಲ ಕಣ್ಲಾ, ನೀನು ಫೋನಲ್ಲಿ ಫೋಟ ತಗಂಡಿದ್ದೀಯಲ್ಲ, ಅದು ಸಿಮೆಂಟಿನ ಕಮಾನು, ಮೊನ್ನೆ ಮೊನ್ನೆ ಕಟ್ಟಿದ್ದು. ನಾನ್ ಏಳ್ತಿರೋದು ನಮ್ಮಪ್ಪನ ಊರಿನ ಹಳೇ ಊರಬಾಗ್ಲು, ಮಳವಳ್ಳಿಯಿಂದ ಬೆಳಕವಾಡಿ ಕಡೀಕೆ ಓಯ್ತಾ ಸಿಕ್ಕೋದು. ಎರಡು ಕಲ್ಲಿನ ಕಂಬ, ಮ್ಯಾಲೊಂದು ಕಲ್ಲಿನ ತೊಲೆ, ಅದ್ರಲ್ಲಿ ಗಜಲಕ್ಷ್ಮಿ ಕೆತ್ತವ್ರೆ. ಬೇವಿನ ಮರದ ಕದ. ಬೇವಿಂದಾ? ಇಲ್ಲ ಇಲ್ಲ, ಅಲಸಿಂದು, ಹಳದಿಗಿತ್ತು. ಬಾಗ್ಲಿನ ಆಚೆ ಎರಡೂ ಪಕ್ಕ ಕಲ್ಲಿನ ಜಗಲಿ. ಒಸಿ ದೂರದಲ್ಲಿ ಊರ್ ಸುತ್ಲ ಗೋಡೆ ಒಡ್ದು ಮಾಡಿದ್ದ ಸಣ್ ದಿಡ್ಡಿ ಬಾಗ್ಲು. ಎಣ ಆಚೀಕ್ ತಗಂಡೋಗದು ಅದ್ರಲ್ಲಿ. ಗಂಡ ಸತ್ತೋಳು ತೌರಿಗೆ ಬರೋದೂ ಅದ್ರಲ್ಲೇ. ಒಂದ್ಸಲ ಅದ್ರಲ್ಲಿ ನುಗ್ಗುದ್ರೆ ಮುಗೀತು, ಸಾಯೋಗಂಟ ಅದೇ ದಾರಿ.

ನಿಮ್ ತಾತ ಕಾಮಾಲೇಲಿ ತೀರ್ಕಂಡಾಗ ನಿಮ್ಮಪ್ಪ ಇನ್ನಾ ಕಂಕುಳ ಕೂಸು. ಮೂರು ತಿಂಗ್ಳಾದ್ಮೇಲೆ ನಮ್ಮಪ್ಪ ಬಂದು ನನ್ನೂ ಕೂಸ್ನೂ ಕರ್ಕಂಡೋದ. ಬಸ್ ಇಳ್ದು ನಡ್ಕಂಡ್ ಬಂದ್ವಾ, ಜಗಲಿ ಮ್ಯಾಲೆ ಊರ ಯಜಮಾನ್ರು ಕೂತವ್ರೆ. ನನ್ ಮಕ ನೋಡ್ನಿಲ್ಲ, ನೆಲ ನೋಡ್ಕಂಡು, 'ದಿಡ್ಡೀಲ್ ಓಗವ್ವ' ಅಂದ್ರು, ಮೆತ್ತಗೆ. ಬೈದಿದ್ರೆ ವಾಸಿಯಾಗಿರದು. ನಮ್ಮಪ್ಪನೂ, 'ಬಾ ಮಗ, ಏನೀಗ, ಮನೆ ಸೇರ್ಕಳನ' ಅಂತ ಆ ಕಡೀಕೆ ತಿರಿಕಂಡ. ಮದ್ವೇಲಿ ಇದೇ ದೊಡ್ ಬಾಗ್ಲಲ್ಲಿ ಕಳ್ಸಿದ್ರು ನನ್ನ. ಸತ್ತಿದ್ದು ನನ್ ಗಂಡ, ನಾನಲ್ಲ ಅಂತ ಮನ್ಸಲ್ಲೇ ಅಂದ್ಕಂಡೆ. 'ಕಾಲ್ ನೋಯ್ತದೆ ಯಜಮಾನ್ರೆ' ಅಂದ್ಬುಟ್ಟು ಎದ್ರುಗಿನ ಜಗಲಿ ಮ್ಯಾಲೆ ಕೂತ್ಕಬುಟ್ಟೆ.

ನಮ್ಮಪ್ಪ ಕರ್ದ, ಕರ್ದ, ಆಮೇಲೆ ನೆಳ್ಳಿಗ್ ಓಗಿ ನಿಂತ್ಕಂಡ. ಬಿಸ್ಲು ಏರ್ತು. ಕೂಸು ಬಾಯಾರಿ ಅಳಕ್ ಸುರು ಮಾಡ್ತು. ಈಗ ನೀನೂ ಕೇಳು ಪುಟ್ಟಿ, ಆ ಊರಲ್ಲೊಂದು ಪದ್ದತಿ. ಆ ಜಗಲೀಲಿ ಯಾರೇ ಕೂತ್ರೂ, ದಾರೀಲ್ ಓಗೋನೇ ಆದ್ರೂ, ನೀರ್ ಕೊಡ್ದೆ ಕಳಸಂಗಿಲ್ಲ. ನೀರ್ ಕೊಟ್ಟೋರು ಅವ್ರನ್ನ ನೆಂಟ್ರು ಅಂತ ತಾವೇ ಮುಂದ್ ನಡ್ದು ದೊಡ್ ಬಾಗ್ಲಲ್ಲಿ ಒಳೀಕ್ ಕರ್ಕಂಡೋಗ್ಬೇಕು. ಯಜಮಾನ್ರಿಗೆ ಗೊತ್ತಿಲ್ವಾ? ನಾಕ್ ಜನಕ್ಕೆ ಏಳ್ಕೊಡೋರೇ ಅವ್ರು. ಆದ್ರೆ ಕೂಸು ಅಳೋದ ಕೇಳಕ್ಕಾಗ್ದೆ ಎದ್ರು, ಪಕ್ಕದಲ್ಲಿದ್ದ ಮಡಿಕೆಯಿಂದ ನೀರ್ ಬಗ್ಗಿಸ್ಕಂಡು ಲೋಟ ನನ್ ಕೈಗ್ ಕೊಟ್ರು. ಕೂಸು ಕುಡೀತು, ಮಿಕ್ಕಿದ್ದ ನಾನ್ ಕುಡುದೆ. ಲೋಟ ಈಸ್ಕಂಡು ಅಂಗೇ ನಿಂತ್ರು. ಆಗ ಒಳೀತು ಕಣಮ್ಮ ಅವ್ರಿಗೆ, ಏನ್ ಮಾಡ್ಬುಟ್ಟೆ ಅಂತ. ಆಮೇಲೆ ನನ್ ಬಟ್ಟೆ ಗಂಟು ಎತ್ಕಂಡು, 'ನಡಿಯವ್ವ' ಅಂತ ದೊಡ್ ಬಾಗ್ಲಲ್ಲೇ ಮುಂದ್ ನಡುದ್ರು. ನಾನ್ ಇಂದೆ. ನಮ್ಮಪ್ಪ ಟವಲ್ಲು ಬಾಯ್ಗಿಟ್ಕಂಡು ಅಳ್ತಾ ಅಳ್ತಾ ಇನ್ನೂ ಇಂದೆ.

ಅಲ್ಲಿಂದೀಚೆಗೆ ನಮ್ಮೂರ್ ಎಣ್ ಮಕ್ಳು ಗಂಡ ಸತ್ತು ತೌರಿಗ್ ಬಂದ್ರೆ, ಬಸ್ ಇಳ್ದೇಟ್ಗೆ ಸೀದಾ ಓಗಿ ಆ ಜಗಲಿ ಮ್ಯಾಲೆ ಕೂತ್ಕಳರು. ಯಜಮಾನ್ರು ಎದ್ದು ಲೋಟ ಉಡುಕೋರು. ಅಷ್ಟೆ ಕಣ್ರಪ್ಪ. ಬಾಗ್ಲಿಗೆ ಯಾರಾರಾ ಬಂದ್ರೆ ಮೊದ್ಲು ನೀರ್ ಕೊಡಿ, ಯಾರು ಏನು ಅನ್ನೋದ ಆಮೇಲ್ ಕೇಳಿ.